17ನೇ ಪೋರ್ಟಿನ ಪ್ರಕರಣ: ಲಿಂಕ್ ಇತ್ತು, ಎಕ್ಸ್‌ರೇ ಚಿತ್ರ ಮಾತ್ರ ಹೋಗುತ್ತಿರಲಿಲ್ಲ

ಮಲೆನಾಡಿನ ಒಂದು ತಾಲ್ಲೂಕು ಊರು. ಅಲ್ಲಿ 40 ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆ. ಜೂನ್ ಎರಡನೇ ವಾರ ಅಲ್ಲಿಂದ ಫೋನ್ ಬಂತು. "ಸಾರ್, ಎಕ್ಸ್‌ರೇ ತೆಗೆದ ಮೇಲೆ ಚಿತ್ರ ಡಾಕ್ಟರ್ ರೂಮಿಗೆ ಬರೋಕೆ ಏಳೆಂಟು ನಿಮಿಷ ಆಗ್ತಿದೆ. ಕೆಲವು ಸಲ ಫೇಲ್ ಅಂತ ಬರುತ್ತೆ. ಬಾಕಿ ಎಲ್ಲಾ ಕಂಪ್ಯೂಟರ್ ಚೆನ್ನಾಗಿವೆ." ಮಾತಾಡಿದ್ದು ಆಸ್ಪತ್ರೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಹುಡುಗ. ಡಿಪ್ಲೊಮಾ ಮುಗಿಸಿ ಎರಡು ವರ್ಷ ಆಗಿತ್ತು ಅಷ್ಟೇ.

ಎಂಟು ನಿಮಿಷ ಕೇಳುವುದಕ್ಕೆ ಸಣ್ಣದು. ಆದರೆ ಹೊರಗೆ ಬೆಂಚಿನ ಮೇಲೆ ಕೈ ಮುರಿದುಕೊಂಡವರು ಕೂತಿರುತ್ತಾರೆ. ಕಾಯಲಾಗದೆ ಎಕ್ಸ್‌ರೇ ಟೆಕ್ನಿಶಿಯನ್ ಮೇಡಂ ಪರದೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದು ಡಾಕ್ಟರ್ ಹತ್ತಿರ ಓಡುತ್ತಿದ್ದರು. ಮೂಳೆಯ ಸಣ್ಣ ಬಿರುಕು ಅಂಥ ಫೋಟೊದಲ್ಲಿ ಕಾಣದೇ ಹೋಗಬಹುದು. ನನಗೆ ಭಯವಾದದ್ದು ಅದನ್ನು ಕೇಳಿ. ಮಾರನೇ ದಿನ, ಜೂನ್ 12ರ ಬೆಳಿಗ್ಗೆ, ಅಲ್ಲಿಗೆ ಹೋದೆ.

ಅಲ್ಲಿನ ಜೋಡಣೆ ಸರಳ. ಎಕ್ಸ್‌ರೇ ಯಂತ್ರದ ಜೊತೆಗೆ ಬಂದ ಒಂದು ಪಿಸಿ. ಚಿತ್ರಗಳನ್ನು ಇಟ್ಟುಕೊಳ್ಳುವ ಒಂದು ಸರ್ವರ್. ಡಾಕ್ಟರ್ ಕೋಣೆಗಳಲ್ಲಿ, ಬಿಲ್ಲಿಂಗ್‌ನಲ್ಲಿ, ಲ್ಯಾಬಿನಲ್ಲಿ ಒಟ್ಟು ಹದಿನೈದು ಕಂಪ್ಯೂಟರ್. ಎಲ್ಲವೂ ಬಂದು ಸೇರುವುದು ಮೆಟ್ಟಿಲ ಕೆಳಗಿನ ರ‍್ಯಾಕಿನಲ್ಲಿರುವ ಒಂದೇ ಸ್ವಿಚ್‌ಗೆ, ಅಂದರೆ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಗೆ. ಅದು ಸಿಸ್ಕೊ ಕೆಟಲಿಸ್ಟ್ 2960. 24 ಪೋರ್ಟ್ (ಕೇಬಲ್ ಚುಚ್ಚುವ ಕಿಂಡಿ), ಪ್ರತಿಯೊಂದೂ ಹೆಚ್ಚೆಂದರೆ 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 10 ಕೋಟಿ ಬಿಟ್ (8 ಬಿಟ್ ಸೇರಿದರೆ ಒಂದು ಬೈಟ್). ಜೊತೆಗೆ ಅದರ ಹತ್ತರಷ್ಟು ವೇಗದ ಎರಡು ಗಿಗಾಬಿಟ್ ಪೋರ್ಟ್, ಅದರಲ್ಲಿ ಒಂದಕ್ಕೆ ಸರ್ವರ್. ಹಳೆಯ ಸ್ವಿಚ್ ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿಗೆ ಸುಟ್ಟುಹೋಗಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಇದನ್ನು ತರಿಸಿ, ಹಳೆಯದರ ಕೇಬಲ್‌ಗಳನ್ನು ಅದೇ ಕ್ರಮದಲ್ಲಿ ಇದಕ್ಕೆ ಚುಚ್ಚಿದ್ದರು. ಎಕ್ಸ್‌ರೇ ಪಿಸಿ ಇದ್ದದ್ದು 17ನೇ ಪೋರ್ಟಿನಲ್ಲಿ.

17ರ ದೀಪ ಹಸಿರಾಗಿ ಮಿನುಗುತ್ತಿತ್ತು. ಪಿಸಿಗೆ ಪಿಂಗ್ ಮಾಡಿದೆ, ಅಂದರೆ ಉತ್ತರ ಬರುತ್ತದೋ ಎಂದು ನೋಡಲು ಚಿಕ್ಕ ಸಂದೇಶ ಕಳಿಸಿದೆ. 100 ಕಳಿಸಿದೆ, 100ಕ್ಕೂ ಉತ್ತರ ಬಂತು. 1,500 ಬೈಟಿನ ದೊಡ್ಡ ಪಿಂಗ್ ಕೂಡ ಪಾಸ್. ಹುಡುಗ ನನ್ನ ಮುಖ ನೋಡಿದ. "ನಾನೂ ಇದನ್ನೇ ಮಾಡಿದ್ದೆ ಸಾರ್. ಪಿಂಗ್ ಸರಿ ಇದೆ, ಅದಕ್ಕೇ ಸಾಫ್ಟ್‌ವೇರ್ ತೊಂದರೆ ಅಂದ್ಕೊಂಡೆ."

ಆಮೇಲೆ ಮೇಡಂ ಹತ್ತಿರ ಒಂದು ಹಳೆಯ ಎದೆಯ ಚಿತ್ರವನ್ನೇ ಮತ್ತೊಮ್ಮೆ ಸರ್ವರಿಗೆ ಕಳಿಸಲು ಹೇಳಿದೆ. ಪರೀಕ್ಷೆಗಾಗಿ ಯಾರಿಗೂ ಹೊಸದಾಗಿ ಎಕ್ಸ್‌ರೇ ತೆಗೆಯಬಾರದು ಅಲ್ವಾ. ಚಿತ್ರ ಸುಮಾರು 18 ಎಂಬಿ. ಅಡ್ಡ 3,000 ಉದ್ದ 3,000 ಚುಕ್ಕಿ, ಒಂದೊಂದಕ್ಕೆ 2 ಬೈಟ್ ಲೆಕ್ಕ. 100 ಎಂಬಿಪಿಎಸ್ ದಾರಿಯಲ್ಲಿ ಇದು ಒಂದೂವರೆ ಸೆಕೆಂಡಿನ ಕೆಲಸ. ಹೆಚ್ಚುಕಡಿಮೆ ಸೇರಿಸಿದರೂ ಮೂರು ಸೆಕೆಂಡು. ಅವತ್ತು ತಗೊಂಡದ್ದು 7 ನಿಮಿಷ 40 ಸೆಕೆಂಡು. ಅದು ಹೋಗುತ್ತಿರುವಾಗಲೇ ಮತ್ತೆ ಪಿಂಗ್ ಮಾಡಿದೆ. ಈಗ ನಾಲ್ಕೈದಕ್ಕೆ ಒಂದು ತಪ್ಪುತ್ತಿತ್ತು.

ಇದು ಮೊದಲ ಸುಳಿವು. ದಾರಿ ಖಾಲಿ ಇದ್ದಾಗ ಸರಿ, ಎರಡೂ ಕಡೆಯಿಂದ ಓಡಾಟ ಶುರುವಾದ ಕೂಡಲೇ ತಪ್ಪು.

ಕನ್ಸೋಲ್ ಕೇಬಲ್ (ಸ್ವಿಚ್‌ನ ಸೆಟ್ಟಿಂಗ್ ನೋಡಿ ಬದಲಿಸಲು ಹಾಕುವ ಕೇಬಲ್) ಹಾಕಿ ಸ್ವಿಚ್ ಒಳಗೆ ಹೋದೆ. 'ಶೋ ಇಂಟರ್ಫೇಸಸ್ ಸ್ಟೇಟಸ್' ಎಂಬ ಆದೇಶ ಕೊಟ್ಟೆ. ಪೋರ್ಟ್ ಬಗ್ಗೆ ಯಾವ ದೂರು ಬಂದರೂ ನಾನು ಮೊದಲು ನೋಡುವ ಪಟ್ಟಿ ಇದು. ಒಂದೇ ಪುಟದಲ್ಲಿ ಎಲ್ಲ ಪೋರ್ಟ್‌ಗಳ ಡುಪ್ಲೆಕ್ಸ್ (ಎರಡೂ ಕಡೆಯವರು ಒಟ್ಟಿಗೆ ಕಳಿಸಬಹುದೋ ಇಲ್ಲವೋ ಎಂಬುದು), ಸ್ಪೀಡ್ ಕಾಣುತ್ತದೆ. ಉಳಿದ ಪೋರ್ಟ್‌ಗಳ ಎದುರು 'ಎ-ಫುಲ್, ಎ-100' ಎಂದಿತ್ತು. 17ರ ಎದುರು 'ಎ-ಹಾಫ್, ಎ-100'. ಮುಂದಿರುವ ಆ 'ಎ' ಅಕ್ಷರವನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಯಾರೂ ಕೈಯಿಂದ ಹಾಕಿದ ಸೆಟ್ಟಿಂಗ್ ಇದಲ್ಲ, ಸ್ವಿಚ್ ತಾನೇ ತೀರ್ಮಾನಿಸಿಕೊಂಡದ್ದು ಎಂದು ಅದರ ಅರ್ಥ. ಹಾಗಾದರೆ ಈ ಒಂದು ಪೋರ್ಟಿನಲ್ಲಿ ಮಾತ್ರ ಸ್ವಿಚ್ ಹಾಫ್ ಎಂದು ಏಕೆ ತೀರ್ಮಾನಿಸಿತು?

ಆ ಪೋರ್ಟಿನ ಲೆಕ್ಕಗಳನ್ನು ತೆರೆದೆ. ಕೊಲಿಜನ್ (ಡಿಕ್ಕಿ) ಐದಂಕಿ ದಾಟಿತ್ತು. ಲೇಟ್ ಕೊಲಿಜನ್ (ತಡವಾಗಿ ಆದ ಡಿಕ್ಕಿ) 400ರ ಮೇಲಿತ್ತು. ಸ್ವಿಚ್‌ಗೆ ನೇರವಾಗಿ ಒಂದೇ ಪಿಸಿ ಸೇರಿರುವ ಇಂದಿನ ದಿನಗಳಲ್ಲಿ ಕೊಲಿಜನ್ ಸೊನ್ನೆ ಇರಬೇಕು. ಲೇಟ್ ಕೊಲಿಜನ್ ಅಂತೂ ಒಂದು ಕಂಡರೂ ಕುರ್ಚಿ ಎಳೆದುಕೊಂಡು ಕೂತು ನೋಡಬೇಕು.

ಹಾಫ್ ಮತ್ತು ಫುಲ್ ಎಂದರೇನು ಎಂದು ಹುಡುಗನಿಗೆ ಹೀಗೆ ಹೇಳಿದೆ. ನಮ್ಮ ಕಡೆ ಹಳ್ಳದ ಮೇಲೆ ಕಿರಿದಾದ ಸೇತುವೆಗಳಿವೆ. ಒಂದು ಸಲಕ್ಕೆ ಒಂದೇ ಬಸ್ಸು. ಈ ಕಡೆಯವನು ಆ ಕಡೆ ನೋಡಿ, ಯಾರೂ ಬರುತ್ತಿಲ್ಲ ಅಂದರೆ ಹತ್ತುತ್ತಾನೆ. ಎದುರು ಸಿಕ್ಕರೆ ಹಿಂದಕ್ಕೆ ಬರುತ್ತಾನೆ. ಇದು ಹಾಫ್ ಡುಪ್ಲೆಕ್ಸ್. ಎರಡು ಸಾಲಿನ ರಸ್ತೆಯಲ್ಲಿ ಯಾರೂ ಯಾರಿಗೂ ಕಾಯಬೇಕಿಲ್ಲ. ಅದು ಫುಲ್. ಈಗ ಒಂದೇ ದಾರಿಯಲ್ಲಿ ಈ ಕಡೆಯ ಚಾಲಕ ಕಿರಿದಾದ ಸೇತುವೆ ಎಂದುಕೊಂಡಿದ್ದಾನೆ, ಆ ಕಡೆಯವನು ಎರಡು ಸಾಲಿನ ರಸ್ತೆ ಎಂದುಕೊಂಡಿದ್ದಾನೆ. ಆ ಕಡೆಯವನು ನೋಡದೆ ನುಗ್ಗುತ್ತಾನೆ. ಈ ಕಡೆಯವನು ಪ್ರತಿ ಸಲ ಡಿಕ್ಕಿ ಎಂದು ಬೆಚ್ಚಿ ಹಿಂದಕ್ಕೆ ಸರಿಯುತ್ತಾನೆ. ತಂತಿಯಲ್ಲಿ ದಾರಿ ನಿಜಕ್ಕೂ ಎರಡು ಸಾಲಿನದೇ, ಎರಡು ಜೋಡಿ ಎಳೆ ಇವೆ. ಆದರೆ ಹಾಫ್ ಎಂದು ನಂಬಿದ ಕಡೆ, ತಾನು ಕಳಿಸುವಾಗ ಒಳಗೆ ಬಂದದ್ದನ್ನೆಲ್ಲ ಡಿಕ್ಕಿ ಎಂದು ಎಣಿಸಿ ಎಸೆದುಬಿಡುತ್ತದೆ.

ನಮ್ಮ ಪ್ರಕರಣದಲ್ಲಿ ಪಿಸಿ ಚಿತ್ರವನ್ನು ಸುರಿಯುತ್ತಿತ್ತು. ಪ್ರತಿ ಒಂದೆರಡು ಫ್ರೇಮಿಗೆ (ಡೇಟಾ ಹೋಗುವುದು ಹೀಗೆ ತುಂಡು ತುಂಡಾಗಿ) ಸರ್ವರಿನಿಂದ 'ತಲುಪಿತು' ಎನ್ನುವ ಚಿಕ್ಕ ಉತ್ತರ ವಾಪಸ್ ಬರುತ್ತಿತ್ತು. ಸ್ವಿಚ್ ಆ ಉತ್ತರವನ್ನು 17ರಲ್ಲಿ ಕಳಿಸಲು ಶುರು ಮಾಡುವಾಗಲೇ ಪಿಸಿಯಿಂದ ಮುಂದಿನ ಫ್ರೇಮ್ ನುಗ್ಗುತ್ತಿತ್ತು. ಸ್ವಿಚ್ ಉತ್ತರವನ್ನು ಅರ್ಧಕ್ಕೇ ನಿಲ್ಲಿಸುತ್ತಿತ್ತು, ಬಂದ ಫ್ರೇಮನ್ನೂ ಬಿಸಾಡುತ್ತಿತ್ತು. ಕಳೆದುಹೋದದ್ದನ್ನು ಟಿಸಿಪಿ (ಡೇಟಾ ತಲುಪಿತೇ ಎಂದು ನೋಡಿಕೊಳ್ಳುವ ವ್ಯವಸ್ಥೆ) ಮತ್ತೆ ಕಳಿಸಬೇಕು. ಅದು ಕೂಡಲೇ ಕಳಿಸುವುದಿಲ್ಲ, ಸ್ವಲ್ಪ ಕಾಯುತ್ತದೆ. ಮತ್ತೆ ತಪ್ಪಿದರೆ ಕಾಯುವ ಹೊತ್ತು ದುಪ್ಪಟ್ಟಾಗುತ್ತದೆ. ಆ ಏಳೂವರೆ ನಿಮಿಷದಲ್ಲಿ ಹೆಚ್ಚಿನ ಪಾಲು ಸುಮ್ನೆ ಕಾಯುವುದೇ ಆಗಿತ್ತು.

ಲೇಟ್ ಕೊಲಿಜನ್ ಬಂದದ್ದು ಇನ್ನೊಂದು ಕೆಲಸದಿಂದ. ಹಾಫ್ ಡುಪ್ಲೆಕ್ಸ್ ನಿಯಮದ ಪ್ರಕಾರ ಡಿಕ್ಕಿ ಆಗುವುದಿದ್ದರೆ ಫ್ರೇಮಿನ ಮೊದಲ 64 ಬೈಟ್ ಒಳಗೇ ಆಗಬೇಕು. 100 ಎಂಬಿಪಿಎಸ್‌ನಲ್ಲಿ ಅದು 5.12 ಮೈಕ್ರೊಸೆಕೆಂಡ್. ಅದಾದ ಮೇಲೆ ದಾರಿ ನನ್ನದೇ ಎಂದು ಕಳಿಸುವವನು ನಂಬಬಹುದು. ಮೇಡಂ ಹೋಲಿಸಿ ನೋಡಲು ಹಳೆಯ ಚಿತ್ರಗಳನ್ನು ಸರ್ವರಿನಿಂದ ತರಿಸಿಕೊಳ್ಳುತ್ತಿದ್ದರು. ಆಗ ಸ್ವಿಚ್‌ನಿಂದ 1,518 ಬೈಟಿನ ದೊಡ್ಡ ಫ್ರೇಮ್‌ಗಳು ಪಿಸಿ ಕಡೆ ಹೋಗುತ್ತವೆ. ಅದರ ನಡುವೆ, 64 ಬೈಟ್ ದಾಟಿದ ಎಷ್ಟೋ ಹೊತ್ತಿಗೆ, ಪಿಸಿ ಮಾತು ಶುರು ಮಾಡುತ್ತದೆ. ಅದೇ ಲೇಟ್ ಕೊಲಿಜನ್.

ಪಿಂಗ್ ಏಕೆ ಇದನ್ನು ಹಿಡಿಯಲಿಲ್ಲ ಎಂದು ಈಗ ಗೊತ್ತಾಗುತ್ತದೆ. ಪಿಂಗ್ ಒಂದು ಪ್ರಶ್ನೆ, ಒಂದು ಉತ್ತರ. ಪ್ರಶ್ನೆ ಮುಗಿದ ಮೇಲೇ ಉತ್ತರ. ಇಬ್ಬರೂ ಒಟ್ಟಿಗೆ ಮಾತಾಡುವ ಸಂದರ್ಭವೇ ಬರುವುದಿಲ್ಲ.

ಇನ್ನು ಉಳಿದದ್ದು, ಸ್ವಿಚ್ ಹಾಫ್ ಎಂದು ಏಕೆ ಎಣಿಸಿತು? ಎಕ್ಸ್‌ರೇ ಪಿಸಿಯ ನೆಟ್‌ವರ್ಕ್ ಕಾರ್ಡ್ ಸೆಟ್ಟಿಂಗ್ ತೋರಿಸಲು ಮೇಡಂ ಹತ್ತಿರ ಕೇಳಿದೆ. '100 ಎಂಬಿಪಿಎಸ್ ಫುಲ್ ಡುಪ್ಲೆಕ್ಸ್' ಎಂದು ಗಟ್ಟಿ ಮಾಡಿಟ್ಟಿದ್ದರು. ಆಟೋ ಇರಲಿಲ್ಲ. ಯಂತ್ರ ಕೂರಿಸಿದ ಕಾಲದಲ್ಲೇ ಹೀಗೆ ಮಾಡಿರಬೇಕು. ಸುಟ್ಟುಹೋದ ಹಳೆಯ ಸ್ವಿಚ್‌ನಲ್ಲೂ 17ನ್ನು ಹೀಗೇ ಗಟ್ಟಿ ಮಾಡಿದ್ದಿರಬೇಕು, ಇಲ್ಲದಿದ್ದರೆ ಅಷ್ಟು ವರ್ಷ ಸರಿಯಾಗಿ ನಡೆಯುತ್ತಿರಲಿಲ್ಲ. ಅದರ ಕಾನ್ಫಿಗರೇಶನ್ ಕಾಪಿಯನ್ನು ಯಾರೂ ಇಟ್ಟಿರಲಿಲ್ಲ. ಹೊಸ ಸ್ವಿಚ್ ಎಲ್ಲ ಪೋರ್ಟನ್ನೂ ಆಟೋದಲ್ಲಿಟ್ಟು ಶುರುವಾಯಿತು.

ಒಂದು ಕಡೆ ಆಟೋ, ಇನ್ನೊಂದು ಕಡೆ ಗಟ್ಟಿ ಫುಲ್. ಆಟೋ ಇರುವ ಕಡೆ ತನ್ನ ಶಕ್ತಿಯನ್ನು ಚಿಕ್ಕ ಪಲ್ಸ್‌ಗಳಲ್ಲಿ ಹೇಳುತ್ತದೆ: ನನಗೆ 10 ಬರುತ್ತದೆ, 100 ಬರುತ್ತದೆ, ಹಾಫ್ ಬರುತ್ತದೆ, ಫುಲ್ ಬರುತ್ತದೆ. ಆ ಕಡೆಯಿಂದಲೂ ಅಂಥದೇ ಪಟ್ಟಿ ಬಂದರೆ ಇಬ್ಬರಿಗೂ ಬರುವ ಒಳ್ಳೆಯದನ್ನು ಆರಿಸಿಕೊಳ್ಳುತ್ತವೆ. ಗಟ್ಟಿ ಮಾಡಿದ ಕಾರ್ಡ್ ಪಟ್ಟಿಯನ್ನೇ ಕಳಿಸುವುದಿಲ್ಲ. ಆಗ ಸ್ವಿಚ್ ಬರುವ ಸಿಗ್ನಲ್‌ನ ಬಗೆ ನೋಡಿ ಇದು 100 ಎಂದು ಗುರುತಿಸಬಲ್ಲದು. ಫುಲ್ಲೋ ಹಾಫೋ ಎಂದು ಸಿಗ್ನಲ್ ನೋಡಿ ಹೇಳಲು ಆಗುವುದಿಲ್ಲ. ಗೊತ್ತಾಗದಿದ್ದರೆ ಹಾಫ್ ಎಂದು ಹಿಡಿ ಎನ್ನುತ್ತದೆ ನಿಯಮ. ಸ್ವಿಚ್ ನಿಯಮ ಪಾಲಿಸಿತು. ಎದುರಿಗೆ ಇನ್ನೊಂದು ಸಿಸ್ಕೊ ಸ್ವಿಚ್ ಇದ್ದಿದ್ದರೆ ಡುಪ್ಲೆಕ್ಸ್ ಹೊಂದುತ್ತಿಲ್ಲ ಎಂದು ಲಾಗಿನಲ್ಲಿ ಎಚ್ಚರಿಕೆ ಬರುತ್ತಿತ್ತು, ಅವು ಸಿಡಿಪಿ ಎಂಬ ತಮ್ಮದೇ ಭಾಷೆಯಲ್ಲಿ ಮಾತಾಡಿಕೊಳ್ಳುತ್ತವೆ. ಪಿಸಿಗೆ ಆ ಭಾಷೆ ಬರುವುದಿಲ್ಲ. ಹಾಗಾಗಿ ಲಾಗ್ ಖಾಲಿ ಇತ್ತು.

ಗಟ್ಟಿ ಮಾಡುವ ರೂಢಿ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಯಂತ್ರ ಕೂರಿಸಿದ ಇಂಜಿನಿಯರಿಗೆ ಅನ್ಯಾಯ ಆಗುತ್ತದೆ. ಆಟೋ ಪದ್ಧತಿ ಫಾಸ್ಟ್ ಈಥರ್ನೆಟ್ (100 ಎಂಬಿಪಿಎಸ್ ಜಾಲ) ಜೊತೆ 1995ರಲ್ಲಿ ನಿಯಮದೊಳಗೆ ಬಂತು. ಶುರುವಿನ ವರ್ಷಗಳಲ್ಲಿ ಬೇರೆ ಬೇರೆ ಕಂಪನಿಯ ಕಾರ್ಡು, ಸ್ವಿಚ್‌ಗಳು ನಿಯಮವನ್ನು ಬೇರೆ ಬೇರೆ ರೀತಿ ಓದಿಕೊಂಡವು. ಆಟೋ ಇಟ್ಟರೆ ಕೈಕೊಡುತ್ತಿತ್ತು. ಆಗ ಮುಖ್ಯ ಯಂತ್ರಗಳನ್ನು ಎರಡೂ ಕಡೆ ಗಟ್ಟಿ ಮಾಡುವುದು ಬುದ್ಧಿವಂತಿಕೆಯೇ ಆಗಿತ್ತು. 1998ರಲ್ಲಿ ಆ ಗೊಂದಲಗಳನ್ನು ನಿಯಮದಲ್ಲೇ ಬಿಡಿಸಿದರು. 1999ರಲ್ಲಿ ತಾಮ್ರದ ತಂತಿಯ ಗಿಗಾಬಿಟ್ ಬಂದಾಗ ಆಟೋ ಕಡ್ಡಾಯವೇ ಆಯಿತು, ಎರಡು ತುದಿಗಳಲ್ಲಿ ಯಾರ ಗಡಿಯಾರವನ್ನು ಅನುಸರಿಸಬೇಕು ಎಂಬುದನ್ನು ಅಲ್ಲಿ ಆಟೋದಲ್ಲೇ ಒಪ್ಪಿಕೊಳ್ಳಬೇಕು. ಕಾರಣ ಹೋಯಿತು, ರೂಢಿ ಉಳಿಯಿತು. ಒಂದು ಕಡೆ ಮಾತ್ರ ಉಳಿದಾಗ ಹೀಗೆ ಕಾಡುತ್ತದೆ.

ಇಷ್ಟಾದಾಗ ಬೆಳಿಗ್ಗೆ ಹನ್ನೊಂದೂವರೆ. ಸ್ವಿಚ್ ಪೋರ್ಟನ್ನೂ 100 ಫುಲ್ ಮಾಡಿದರೆ ಮುಗಿಯಿತು ಎಂದೆ. ಹುಡುಗ ಗಾಬರಿಯಾದ. "ಬೇಡ ಸಾರ್. ಅದನ್ನ ಮಾಡಿದ್ರೆ ಲಿಂಕೇ ಹೋಗುತ್ತೆ. ನಾನು ಮಾಡಿ ನೋಡಿದ್ದೀನಿ."

ಅವನ ಹತ್ತಿರ ಒಂದು ನೋಟ್‌ಬುಕ್ ಇತ್ತು. ತಂದು ತೋರಿಸಿದ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಆ ಎರಡು ಪುಟ.

ಮೇ 9: ಹೊಸ ಸ್ವಿಚ್ ಹಾಕಿದೆವು. ಎಕ್ಸ್‌ರೇ ನಿಧಾನ.
ಮೇ 14: ಯಂತ್ರದ ಇಂಜಿನಿಯರ್ ಫೋನಿನಲ್ಲಿ ಹೇಳಿದಂತೆ ಪೋರ್ಟ್ 17ಕ್ಕೆ ಸ್ಪೀಡ್ 100, ಡುಪ್ಲೆಕ್ಸ್ ಫುಲ್. ಚಿತ್ರ 3 ಸೆಕೆಂಡಿನಲ್ಲಿ ಹೋಯಿತು.
ಮೇ 22: ಸಂಜೆ ಗಾಳಿ ಮಳೆ. ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ನಿಲ್ಲಲಿಲ್ಲ. ರಾತ್ರಿ 10ಕ್ಕೆ ಕರೆಂಟ್ ಬಂತು. ಎಕ್ಸ್‌ರೇ ಮತ್ತೆ ನಿಧಾನ.
ಮೇ 23: ಪ್ಯಾಚ್ ಕೇಬಲ್ ಬದಲಿಸಿದೆ. ಉಪಯೋಗ ಇಲ್ಲ.
ಮೇ 24: ಮತ್ತೆ 100 ಫುಲ್ ಹಾಕಿದೆ. ಲಿಂಕ್ ಹೋಯಿತು. ವಾಪಸ್ ಆಟೋ ಮಾಡಿದೆ, ಲಿಂಕ್ ಬಂತು. ಇನ್ನು ಮುಟ್ಟಬಾರದು.

ಓದುತ್ತಾ ಎರಡು ಪ್ರಶ್ನೆ ಎದ್ದವು. 14ರಂದು ಸರಿಹೋದದ್ದು 22ರಂದು ಏಕೆ ಕೆಟ್ಟಿತು? ಮತ್ತು ಅದೇ ಎರಡು ಸಾಲು 14ರಂದು ಚಿತ್ರ ಕಳಿಸಿತು, 24ರಂದು ಲಿಂಕನ್ನೇ ಕೆಡವಿತು. ಹತ್ತು ದಿನದಲ್ಲಿ ಏನು ಬದಲಾಯಿತು?

ಮೊದಲನೆಯದು ಸುಲಭ. 'ಶೋ ವರ್ಷನ್' ಕೊಟ್ಟೆ. ಸ್ವಿಚ್ ಎದ್ದು 2 ವಾರ 6 ದಿನ ಆಗಿತ್ತು, ಕೊನೆಯ ಸಲ ಎದ್ದದ್ದು ಪವರ್ ಬಂದದ್ದರಿಂದ ಎಂದಿತ್ತು. ಎಣಿಸಿದರೆ ಮೇ 22ರ ರಾತ್ರಿಗೆ ಬಂದು ನಿಲ್ಲುತ್ತದೆ. ಈ ಸ್ವಿಚ್‌ನಲ್ಲಿ ನಾವು ಟೈಪ್ ಮಾಡಿದ್ದು ಕೂಡಲೇ ಜಾರಿಗೆ ಬರುತ್ತದೆ, ಆದರೆ ಅದು ಮೆಮೊರಿಯಲ್ಲಿ ಮಾತ್ರ. 'ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್' ಎಂದು ಬೇರೆಯಾಗಿ ಹೇಳಿದರೆ ಮಾತ್ರ ಕರೆಂಟ್ ಹೋದರೂ ಉಳಿಯುವ ಜಾಗಕ್ಕೆ ಹೋಗುತ್ತದೆ. ಫೋನಿನಲ್ಲಿ ಹೇಳಿಕೊಟ್ಟವರು ಆ ಸಾಲನ್ನು ಹೇಳಿರಲಿಲ್ಲ. ಎಂಟು ದಿನ ಎಲ್ಲ ಸರಿ ಇದ್ದದ್ದರಿಂದ ಹುಡುಗನಿಗೆ ಸಂಶಯ ಬರುವ ಕಾರಣವೂ ಇರಲಿಲ್ಲ.

ಎರಡನೆಯದಕ್ಕೆ ಉತ್ತರ 23ರ ಸಾಲಿನಲ್ಲಿ ಇತ್ತು. ಆ ನಡುವೆ ಬದಲಾದದ್ದು ಪ್ಯಾಚ್ ಕೇಬಲ್, ಅಂದರೆ ಸ್ವಿಚ್‌ಗೆ ಚುಚ್ಚುವ ಗಿಡ್ಡ ಕೇಬಲ್, ಒಂದೇ. "ಕೇಬಲ್ ಎಲ್ಲಿಂದ ತಂದೆ?" ಎಂದು ಕೇಳಿದೆ. ಡ್ರಾಯರಿನಲ್ಲಿ ಬಿದ್ದಿದ್ದ ಹಳೆಯದು ಎಂದ. ಅದನ್ನು ಬಿಚ್ಚಿ ಎರಡೂ ತುದಿಯನ್ನು ಪಕ್ಕ ಪಕ್ಕ ಹಿಡಿದು ಬೆಳಕಿಗೆ ಒಡ್ಡಿದೆ. ಪಾರದರ್ಶಕ ಪ್ಲಗ್ ಆದ್ದರಿಂದ ಎಳೆಗಳ ಬಣ್ಣ ಕಾಣುತ್ತಿತ್ತು. ಒಂದು ತುದಿ ಬಿಳಿ-ಕಿತ್ತಳೆ, ಕಿತ್ತಳೆ ಎಂದು ಶುರು. ಇನ್ನೊಂದು ತುದಿ ಬಿಳಿ-ಹಸಿರು, ಹಸಿರು ಎಂದು ಶುರು. ಅದು ಕ್ರಾಸ್ ಕೇಬಲ್. ಹಿಂದೆ ಎರಡು ಪಿಸಿಗಳನ್ನು ನೇರವಾಗಿ ಜೋಡಿಸಲು ಬಳಸುತ್ತಿದ್ದದ್ದು.

ಆಟೋದಲ್ಲಿ ಇರುವಾಗ ಸ್ವಿಚ್ ಎಳೆಗಳು ಅದಲು ಬದಲಾಗಿವೆ ಎಂದು ತಾನೇ ಗುರುತಿಸಿ ಒಳಗೇ ಸರಿಪಡಿಸಿಕೊಳ್ಳುತ್ತದೆ. ಇದಕ್ಕೆ ಆಟೋ-ಎಂಡಿಐಎಕ್ಸ್ ಎನ್ನುತ್ತಾರೆ. 2960ರಲ್ಲಿ ಅದು ಸರಿಯಾಗಿ ನಡೆಯಬೇಕಾದರೆ ಸ್ಪೀಡ್, ಡುಪ್ಲೆಕ್ಸ್ ಎರಡೂ ಆಟೋದಲ್ಲೇ ಇರಬೇಕು. ಎರಡನ್ನೂ ಗಟ್ಟಿ ಮಾಡಿದ ಕೂಡಲೇ ಆ ನೆರವು ನಿಂತಿತು. ಕ್ರಾಸ್ ಕೇಬಲ್ ತನ್ನ ನಿಜ ರೂಪದಲ್ಲಿ ಉಳಿಯಿತು. ಸ್ವಿಚ್ ಕಳಿಸುವ ಜೋಡಿ ಪಿಸಿ ಕಳಿಸುವ ಜೋಡಿಗೇ ಹೋಗಿ ಮುಟ್ಟಿತು. ಲಿಂಕ್ ಬಿತ್ತು.

ಹುಡುಗ ಒಂದು ಹೆಜ್ಜೆಯನ್ನೂ ತಪ್ಪಾಗಿ ಇಟ್ಟಿರಲಿಲ್ಲ. ನಿಧಾನ ಅಂದಾಗ ಕೇಬಲ್ ಸಂಶಯಪಡುವುದು ಸರಿ. ಮೊದಲು ಫಲಿಸಿದ್ದನ್ನು ಮತ್ತೆ ಮಾಡಿ ನೋಡುವುದು ಸರಿ. ಲಿಂಕ್ ಬಿದ್ದಾಗ ಹಿಂದಕ್ಕೆ ಬರುವುದು, ಅದೂ ರೋಗಿಗಳು ಕಾಯುತ್ತಿರುವಾಗ, ಇನ್ನೂ ಸರಿ. ಕಾರಣಗಳು ಒಂದರ ಹಿಂದೆ ಒಂದು ಅಡಗಿ ಕೂತಿದ್ದವು ಅಷ್ಟೇ. ಇದನ್ನು ಅವನಿಗೆ ಹೇಳಿದೆ, ಆಸ್ಪತ್ರೆಯ ಮ್ಯಾನೇಜರ್ ಎದುರಿಗೂ ಹೇಳಿದೆ.

ಸರಿಪಡಿಸುವ ಮೊದಲು ಒಂದು ಆಯ್ಕೆ ಇತ್ತು. ನನ್ನ ಮನಸ್ಸು ಎರಡೂ ಕಡೆ ಆಟೋ ಇಡುವ ಕಡೆಗೇ. ಮುಂದೆ ಸ್ವಿಚ್ ಬದಲಾದರೂ, ಪಿಸಿ ಬದಲಾದರೂ ತಾನಾಗಿ ಹೊಂದಿಕೊಳ್ಳುತ್ತದೆ. ಆದರೆ ಎಕ್ಸ್‌ರೇ ಪಿಸಿ ನಿರ್ವಹಣೆ ಒಪ್ಪಂದದಲ್ಲಿತ್ತು. ಅದರ ಸೆಟ್ಟಿಂಗ್ ನಾವು ಬದಲಿಸುವ ಹಾಗಿಲ್ಲ. ಹಾಗಾಗಿ ಸದ್ಯಕ್ಕೆ ಸ್ವಿಚ್ ಕಡೆ ಗಟ್ಟಿ ಮಾಡುವುದು, ಆಮೇಲೆ ಅವರ ಇಂಜಿನಿಯರ್ ಬಂದಾಗ ಎರಡೂ ಕಡೆ ಒಟ್ಟಿಗೆ ಆಟೋಗೆ ತರುವುದು ಎಂದು ಮಾತಾಯಿತು.

ಎಕ್ಸ್‌ರೇ ಕೋಣೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಮೊದಲು ಸ್ಟ್ರೈಟ್ ಕೇಬಲ್ (ಎರಡೂ ತುದಿಯಲ್ಲಿ ಎಳೆಗಳ ಕ್ರಮ ಒಂದೇ ಇರುವುದು) ಹಾಕಿದೆವು. ಕೀಬೋರ್ಡ್ ಹುಡುಗನ ಕೈಗೇ ಕೊಟ್ಟೆ. ಇಂಟರ್ಫೇಸ್ ಒಳಗೆ ಹೋಗಿ ಮೊದಲು ಡಿಸ್ಕ್ರಿಪ್ಶನ್ (ಪೋರ್ಟಿನ ವಿವರ) ಬರೆದ: ಎಕ್ಸ್‌ರೇ ಪಿಸಿ, ಆ ಕಡೆ 100 ಫುಲ್ ಗಟ್ಟಿ, ಬದಲಿಸುವ ಮುನ್ನ ಎರಡೂ ಕಡೆ ನೋಡಿ. ಆಮೇಲೆ 'ಸ್ವಿಚ್‌ಪೋರ್ಟ್ ಮೋಡ್ ಆಕ್ಸೆಸ್', ಅಂದರೆ ಈ ಪೋರ್ಟಿನಲ್ಲಿ ಇರುವುದು ಇನ್ನೊಂದು ಸ್ವಿಚ್ ಅಲ್ಲ, ಪಿಸಿಯಂಥ ಯಂತ್ರ. ನಂತರ ಸ್ಪೀಡ್ 100, ಅದಾದ ಮೇಲೆ ಡುಪ್ಲೆಕ್ಸ್ ಫುಲ್. ಈ ಕ್ರಮ ಮುಖ್ಯ, ಸ್ಪೀಡ್ ಆಟೋದಲ್ಲಿರುವಾಗ ಡುಪ್ಲೆಕ್ಸ್ ಬದಲಿಸಲು ಬಿಡದ ಸ್ವಿಚ್‌ಗಳಿವೆ. ಕೊನೆಗೆ 'ಸ್ಪ್ಯಾನಿಂಗ್-ಟ್ರೀ ಪೋರ್ಟ್‌ಫಾಸ್ಟ್'. ಅದಿಲ್ಲದಿದ್ದರೆ ಪಿಸಿ ಆನ್ ಆದಾಗಲೆಲ್ಲ ಪೋರ್ಟ್ 15 ಸೆಕೆಂಡು ಆಲಿಸಿ, 15 ಸೆಕೆಂಡು ಕಲಿತು, ಆಮೇಲೆ ದಾರಿ ಬಿಡುತ್ತದೆ. ಒಂದೇ ಪಿಸಿ ಇರುವ ಪೋರ್ಟಿಗೆ ಇದು ಸರಿ. ಇನ್ನೊಂದು ಸ್ವಿಚ್‌ಗೆ ಹೋಗುವ ಪೋರ್ಟಿಗೆ ಹಾಕಬಾರದು, ಲೂಪ್ ಆದರೆ (ಡೇಟಾ ಸುತ್ತುತ್ತಲೇ ಇದ್ದರೆ) ಇಡೀ ನೆಟ್‌ವರ್ಕ್ ಮಲಗುತ್ತದೆ.

ದೀಪ ಒಂದು ಕ್ಷಣ ಆರಿ ಹತ್ತಿತು. ಈಗ ಪಟ್ಟಿಯಲ್ಲಿ 'ಫುಲ್, 100', ಮುಂದೆ 'ಎ' ಇಲ್ಲ. 'ಕ್ಲಿಯರ್ ಕೌಂಟರ್ಸ್' ಕೊಟ್ಟು ಲೆಕ್ಕ ಸೊನ್ನೆ ಮಾಡಿದೆವು. ಅದೇ ಎದೆಯ ಚಿತ್ರ ಮತ್ತೆ ಹೊರಟಿತು. ಮೂರು ಸೆಕೆಂಡು. ಮೇಡಂ ನಂಬದೆ ಇನ್ನೆರಡು ಕಳಿಸಿದರು. ಕೊಲಿಜನ್ ಸೊನ್ನೆ.

ಹುಡುಗ ಸ್ಟಾರ್ಟಪ್‌ಗೆ ಕಾಪಿ ಮಾಡಿದ. ನಾನು ಅಷ್ಟಕ್ಕೆ ಬಿಡಲಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಎಲ್ಲರಿಗೂ ತಿಳಿಸಿ ಸ್ವಿಚ್‌ನ ಪ್ಲಗ್ ಕಿತ್ತು ಮತ್ತೆ ಹಾಕಿಸಿದೆ. ಸ್ವಲ್ಪ ಹೊತ್ತಿನಲ್ಲಿ ಎದ್ದಿತು. 17 ಹಾಗೇ ಇತ್ತು. ಕಾನ್ಫಿಗರೇಶನ್‌ನ ಒಂದು ಕಾಪಿಯನ್ನು ಸರ್ವರಿನಲ್ಲಿ ಇಟ್ಟೆವು, ಇನ್ನೊಂದನ್ನು ಪ್ರಿಂಟ್ ತೆಗೆದು ರ‍್ಯಾಕಿನ ಬಾಗಿಲ ಒಳಗೆ ಅಂಟಿಸಿದೆವು. ಯುಪಿಎಸ್‌ಗೆ ಹೊಸ ಬ್ಯಾಟರಿ ಬರೆಸಿದೆ. ಕ್ರಾಸ್ ಕೇಬಲ್‌ನ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿಸಿದೆ.

ಜುಲೈ ಕೊನೆಗೆ ಯಂತ್ರದ ಇಂಜಿನಿಯರ್ ಸರ್ವೀಸಿಗೆ ಬಂದರು. ಹುಡುಗ ನನಗೆ ಫೋನ್ ಮಾಡಿ ಅವರನ್ನೂ ಮಾತಿಗೆ ಸೇರಿಸಿದ. ಅವರು ಪಿಸಿಯಲ್ಲಿ ಆಟೋ ಮಾಡಿದರು, ಇವನು ಸ್ವಿಚ್‌ನಲ್ಲಿ 'ಸ್ಪೀಡ್ ಆಟೋ, ಡುಪ್ಲೆಕ್ಸ್ ಆಟೋ' ಕೊಟ್ಟ. ಅರ್ಧ ನಿಮಿಷದ ಕೆಲಸ. "ಎ-ಫುಲ್, ಎ-100 ಬಂತು ಸಾರ್," ಎಂದ. ಡಿಸ್ಕ್ರಿಪ್ಶನ್ ಬದಲಿಸು ಎಂದೆ. ಆಗಲೇ ಬದಲಿಸಿದ್ದ. ಸೇವ್ ಮಾಡಿದೆಯಾ ಎಂದು ಕೇಳುವ ಮೊದಲೇ ನೋಟ್‌ಬುಕ್ಕಿನ ಪುಟದ ಫೋಟೊ ಕಳಿಸಿದ. ದಿನಾಂಕದ ಕೆಳಗೆ ಮಾಡಿದ ಬದಲಾವಣೆ, ಅದರ ಕೆಳಗೆ 'ಕಾಪಿ ಮಾಡಿದೆ, ಪವರ್ ತೆಗೆದು ನೋಡಿದೆ, ರ‍್ಯಾಕಿನ ಹಾಳೆ ಬದಲಿಸಿದೆ' ಎಂದು ಮೂರು ಸಾಲು ಇದ್ದವು.